ಸ್ಕ್ಯಾನ್ ಮಾಡಿದರೆ ಮುಗಿಯಿತೇ?

ಮಾನ್ಯರೇ,

ಎಂ.ಫಿಲ್. ಮಾಡುತ್ತಿದ್ದಾಗ ಅಲ್ಲಮನ ವಚನಗಳಲ್ಲಿ ‘ಬಯಲು’ ಎಂಬ ಪದ ಎಲ್ಲೆಲ್ಲಿ ಬರುತ್ತದೆಂದು ಗುರುತು ಹಾಕಿಕೊಳ್ಳಲು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿಕೊಂಡಿದ್ದೆ. ಒಂದು ಬೇಸಿಗೆ ರಜೆ ಪೂರ್ತಿ ಅದಕ್ಕೇ ಹೋಯಿತು. ಈಗ ‘ವಚನ ಸಂಚಯ’ ಜಾಲತಾಣದಲ್ಲಿ ಅದೇ ಪದ ಟೈಪಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಊರಾಚೆಯ ಬಯಲು ಯಾವುದು, ಶೂನ್ಯದ ಬಯಲು ಯಾವುದು ಎಂದು ಬೇರ್ಪಡಿಸಲು ಮಾತ್ರ ಈಗಲೂ ಕೂತು ಓದಲೇಬೇಕು.

ಇದು ಸಾಧ್ಯವಾದದ್ದು ವಚನಗಳು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಪಠ್ಯವಾಗಿ ಸಿಕ್ಕಿದ್ದರಿಂದ. ನಮ್ಮ ಬಹುಪಾಲು ಸಂಸ್ಥೆಗಳಿಗೆ ಡಿಜಿಟಲೀಕರಣವೆಂದರೆ ಪುಟಗಳನ್ನು ಸ್ಕ್ಯಾನ್ ಮಾಡಿ, ಪದ ಹುಡುಕಲಾಗದ ಬರಿಯ ಚಿತ್ರಗಳ ಪಿಡಿಎಫ್ ಏರಿಸಿ ಕೈ ತೊಳೆದುಕೊಳ್ಳುವುದು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತಿವೆ. ಆ ಉಪಕಾರ ಸಣ್ಣದಲ್ಲ. ಆದರೆ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮನಬಂದಂತೆ ಬರೆದಿಟ್ಟಿರುವುದರಿಂದ ಎಷ್ಟೋ ಪುಸ್ತಕಗಳು ಇದ್ದೂ ಇಲ್ಲದಂತಾಗಿವೆ.

ಚಿತ್ರದಿಂದ ಅಕ್ಷರ ಎತ್ತುವ ಓಸಿಆರ್ ತಂತ್ರಾಂಶ ಹೊಸ ಪುಸ್ತಕಗಳಿಗೆ ಪರವಾಗಿಲ್ಲ. ಹಳೆಯ ಮೊಳೆಯ ಮುದ್ರಣವನ್ನು ಕೊಟ್ಟು ನೋಡಿ: ಒತ್ತಕ್ಷರ ಕಳಚಿ ಬೀಳುತ್ತದೆ, ಅನುಸ್ವಾರವು ಸೊನ್ನೆಯಂಕಿಯಾಗುತ್ತದೆ. ಹಳಗನ್ನಡದ ಱ, ೞ ಬಂದರಂತೂ ಕೇಳುವುದೇ ಬೇಡ. ಅಂದಹಾಗೆ, ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ಇಟ್ಟಿರುವ ಹೆಸರು ‘ಫ’ (FA)! ತಪ್ಪೆಂದು ಯೂನಿಕೋಡ್ ಪಟ್ಟಿ ಮಾಡಿದವರೇ ಟಿಪ್ಪಣಿ ಹಾಕಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ. ಹಳಗನ್ನಡ ಬಲ್ಲ ಒಬ್ಬ ಮೇಷ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಇದು ಆಗುತ್ತಿತ್ತೇ?

ಸಾರ್ವಜನಿಕ ಹಣದಲ್ಲಿ ಅಚ್ಚಾದ ಒಂದು ಕಾವ್ಯದ ಪಠ್ಯಕ್ಕಾಗಿ ಪ್ರಕಟಿಸಿದ ಕಚೇರಿಗೆ ಹೋಗಿದ್ದೆ. ‘ಫೈಲು ಡಿಟಿಪಿಯವರ ಬಳಿ ಇತ್ತು ಸಾರ್, ಅವರ ಕಂಪ್ಯೂಟರ್ ಕೆಟ್ಟುಹೋಯಿತು’ ಎಂಬ ಉತ್ತರ ಬಂತು. ವಿದ್ವಾಂಸರು ವರ್ಷಗಟ್ಟಲೆ ಓಲೆಗರಿ ಹೋಲಿಸಿ, ಪಾಠಾಂತರ ಗುರುತಿಸಿ ಮಾಡಿದ ಕೆಲಸ ಕೆಟ್ಟ ಹಾರ್ಡ್ ಡಿಸ್ಕ್ ಒಂದರಲ್ಲಿ ಮಣ್ಣುಪಾಲಾಗಿದೆ. ಉಳಿದುಕೊಂಡ ಎಷ್ಟೋ ಕಡತಗಳು ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿವೆ. ಅವನ್ನು ಪರಿವರ್ತಿಸುವ ಸಾಧನಗಳಿವೆ, ಕೇಳುವವರಿಲ್ಲ.

ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. ಮೈಸೂರು ವಿಶ್ವವಿದ್ಯಾಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿಯೇ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ. 1886ರಲ್ಲಿ ಬಿ.ಎಲ್. ರೈಸ್ ಅವರು ಕೊಡಗಿನ ಸಂಪುಟದಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಗ್ರಹದ ಸಂಪುಟಗಳೆಲ್ಲ ತಿದ್ದಿದ ಪಠ್ಯವಾಗಿ ಒಂದೇ ಕಡೆ ಸಿಕ್ಕರೆ, ಒಂದು ಊರಿನ ಹೆಸರು ಯಾವ ಶತಮಾನದಲ್ಲಿ ಹೇಗಿತ್ತೆಂದು ಹಳ್ಳಿಯ ಹುಡುಗಿಯೂ ಮೊಬೈಲಿನಲ್ಲಿ ನೋಡಿಕೊಳ್ಳಬಹುದು.

ಸರ್ಕಾರವು ಗ್ರಂಥ ಪ್ರಕಟಣೆಗೆ ಅನುದಾನ ಕೊಡುವ ಆದೇಶದಲ್ಲಿಯೇ ಒಂದು ಷರತ್ತು ಸೇರಿಸಲಿ: ಮುದ್ರಿತ ಪ್ರತಿಯ ಜೊತೆಗೆ ಪುಟಸಂಖ್ಯೆ ಉಳಿಸಿಕೊಂಡ ಯೂನಿಕೋಡ್ ಪಠ್ಯವನ್ನೂ ಒಪ್ಪಿಸದಿದ್ದರೆ ಕೊನೆಯ ಕಂತು ಇಲ್ಲ. ಹಳೆಯ ಪುಸ್ತಕಗಳ ಕರಡು ತಿದ್ದಲು ನಮ್ಮಂಥ ನಿವೃತ್ತರು ಊರೂರಲ್ಲೂ ಇದ್ದೇವೆ. ಕಡತ ಕೊಡಲಿ, ಸಾಕು.

– ನಿವೃತ್ತ ಕನ್ನಡ ಅಧ್ಯಾಪಕ, ಶಿವಮೊಗ್ಗ