ಅವ್ವನ ಆಪರೇಷನ್ ತಾರೀಖು ಮುಂದಕ್ಕೆ ಹಾಕಬೇಡ ಅಣ್ಣಾ

ಮಿನಿಯಾಪೊಲಿಸ್, ಫೆಬ್ರವರಿ

ಪ್ರೀತಿಯ ಮಲ್ಲಣ್ಣನಿಗೆ ಸುವರ್ಣಾ ಮಾಡುವ ಶರಣು. ನಾವಿಲ್ಲಿ ಆರಾಮ ಇದ್ದೇವೆ. ಅಪ್ಪ, ವೈನಿ, ಮಕ್ಕಳು ಆರಾಮ ಅಂದುಕೊಂಡಿದ್ದೇನೆ. ತೊಗರಿ ರಾಶಿ ಮುಗಿಯಿತು, ಈ ಸಲ ರೇಟು ಪರವಾಗಿಲ್ಲ ಅಂತ ನೀನು ಬರೆದಿದ್ದೆ. ಖುಷಿಯಾಯಿತು.

ಅದರ ಕೆಳಗೆ ಬರೆದ ನಾಲ್ಕು ಸಾಲು ಓದಿದ ಮೇಲೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಅವ್ವ ಗಡ್ಡೆ ತೆಗೆಯುವ ಆಪರೇಷನ್ ಬೇಡ ಅಂತ ಹಟ ಹಿಡಿದು ಕೂತಿದ್ದಾಳೆ. ಶರಣಬಸವೇಶ್ವರ ಜಾತ್ರೆ ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಾಳೆ. ಕಾರಣ ಜಾತ್ರೆ ಅಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಶಾಂತಾ ಕಾಕಿ ಬಂದು ಹಿಂದಿನ ಓಣಿಯ ಹೆಣ್ಣುಮಗಳ ಕಥೆ ಹೇಳಿ ಹೋಗಿದ್ದಾಳೆ. ಹೆರಿಗೆ ಆಪರೇಷನ್ನಿನಲ್ಲಿ ಹೊಟ್ಟೆಯೊಳಗೆ ಬಟ್ಟೆ ಉಳಿದಿತ್ತು, ಎರಡು ವರ್ಷ ಒದ್ದಾಡಿದ ಮೇಲೆ ತೆಗೆದರು ಅಂತ. ಅದನ್ನು ಕೇಳಿದಾಗಿನಿಂದ ಅವ್ವ ಊಟ ಸರಿಯಾಗಿ ಮಾಡುತ್ತಿಲ್ಲ ಅಂತ ವೈನಿಯೂ ಹೇಳಿದಳು.

ಫೋನಿನಲ್ಲಿ ಹೇಳಿದರೆ ಅವ್ವ ಹೂಂ ಹೂಂ ಅಂದು, ನೀನು ಉಂಡೆಯಾ ಅಂತ ಕೇಳಿ ಇಟ್ಟುಬಿಡುತ್ತಾಳೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಂಜೆ ಅವಳು ಕಟ್ಟೆ ಮೇಲೆ ಕೂತಾಗ ನಿಧಾನವಾಗಿ ಓದಿ ಹೇಳು. ಕಾಕಿಯೂ ಪಕ್ಕದಲ್ಲಿರಲಿ.

ಕಾಕಿ ಹೇಳಿದ್ದು ಸುಳ್ಳಲ್ಲ. ಧೈರ್ಯ ತುಂಬಬೇಕು ಅಂತ "ಹಾಗೆಲ್ಲ ಆಗೋದೇ ಇಲ್ಲ" ಅಂತ ನಾನು ಬರೆಯುವುದಿಲ್ಲ. ಆಗುತ್ತದೆ. ನಮ್ಮ ದೇಶದಲ್ಲೂ ಆಗಿದೆ, ಈ ದೇಶದಲ್ಲೂ ಆಗಿದೆ. ಹೊಟ್ಟೆ ತೆರೆದಾಗ ರಕ್ತ ಒತ್ತಿ ಹಿಡಿಯಲು, ಕರುಳನ್ನು ಪಕ್ಕಕ್ಕೆ ಸರಿಸಿ ಇಡಲು ಹತ್ತಿ ಬಟ್ಟೆಯ ಮಾಪ್ ಬಳಸುತ್ತೇವೆ. ಒಣಗಿದ್ದಾಗ ಅದು ಬೆಳ್ಳಗೆ, ಎದ್ದು ಕಾಣುತ್ತದೆ. ರಕ್ತ ಹೀರಿದ ಮೇಲೆ ಮುಷ್ಟಿಯೊಳಗೆ ಹಿಡಿಸುವಷ್ಟು ಮುದುಡಿಕೊಳ್ಳುತ್ತದೆ, ಬಣ್ಣವೂ ಒಳಗಿನ ಮಾಂಸದ ಬಣ್ಣವೇ ಆಗಿಬಿಡುತ್ತದೆ. ಕರುಳಿನ ಹಿಂದೆ ಸರಿದರೆ ಕಣ್ಣಿಗೆ ಬೀಳುವುದಿಲ್ಲ. ಹಾಗೆ ಉಳಿದರೆ ಕೆಲವರಿಗೆ ಸ್ವಲ್ಪ ದಿನದಲ್ಲೇ ಕೀವು, ಜ್ವರ ಬರುತ್ತದೆ. ಇನ್ನು ಕೆಲವರಲ್ಲಿ ದೇಹ ಅದರ ಸುತ್ತ ಗಟ್ಟಿ ಪೊರೆ ಕಟ್ಟುತ್ತದೆ. ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ, ಆಮೇಲೆ ನೋವು ಶುರುವಾಗುತ್ತದೆ. ಆ ಹೆಣ್ಣುಮಗಳಿಗೆ ಆಗಿದ್ದು ಇದೇ ಇರಬೇಕು. ಗ್ಯಾಸು, ಗ್ಯಾಸು ಅಂತ ಬರೀ ಗುಳಿಗೆ ಕೊಟ್ಟು ಕಳಿಸುತ್ತಿದ್ದರು ಅಂತ ಬರೆದಿದ್ದೀಯಲ್ಲ, ಓದಿ ಬಹಳ ಸಂಕಟವಾಯಿತು. ಅವಳು ಈಗ ಹೇಗಿದ್ದಾಳೆ, ಕೇಳಿ ಬರೆ.

ಈಗ ಅವ್ವನಿಗೆ ಇದನ್ನು ಹೇಳು. ಅಂಥದ್ದು ಆಗದಂತೆ ಕಾಯುವುದೇ ನಿನ್ನ ಮಗಳ ಕೆಲಸ. ಆಪರೇಷನ್ ಥಿಯೇಟರಿನಲ್ಲಿ ನಾವಿಬ್ಬರು ನರ್ಸ್ ಇರುತ್ತೇವೆ. ಡಾಕ್ಟರ ಪಕ್ಕ ಒಬ್ಬಳು, ಹೊರಗಿನಿಂದ ಸಾಮಾನು ಕೊಡುವವಳು ಇನ್ನೊಬ್ಬಳು. ಚಾಕು ಇಡುವ ಮೊದಲೇ ಇಬ್ಬರೂ ಸೇರಿ ಜೋರಾಗಿ ಎಣಿಸುತ್ತೇವೆ. ಮಾಪ್ ಎಷ್ಟು, ಸೂಜಿ ಎಷ್ಟು, ಕತ್ತರಿ ಎಷ್ಟು, ಎಲ್ಲಾ ಬೋರ್ಡಿನ ಮೇಲೆ ಬೀಳುತ್ತದೆ. ಹೊಟ್ಟೆ ಮುಚ್ಚುವ ಮುಂಚೆ ಮತ್ತೆ ಎಣಿಕೆ. ಚರ್ಮಕ್ಕೆ ಹೊಲಿಗೆ ಹಾಕುವಾಗ ಮತ್ತೊಮ್ಮೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಆಪರೇಷನ್ನಿಗೆ ಅಂತ ಒಂದು ಚೆಕ್‌ಲಿಸ್ಟ್ ಮಾಡಿದರು. ಪೇಷಂಟ್ ಥಿಯೇಟರ್ ಬಿಡುವ ಮುಂಚೆ ಲೆಕ್ಕ ಸರಿಯಿದೆ ಅಂತ ನರ್ಸ್ ಬಾಯಿಬಿಟ್ಟು ಹೇಳಬೇಕು ಅಂತ ಅದರಲ್ಲೂ ಇದೆ.

ಇದನ್ನು ನಾನು ಅಮೆರಿಕದಲ್ಲಿ ಕಲಿತಿದ್ದಲ್ಲ ಅಣ್ಣಾ. ಕಲಬುರಗಿಯಲ್ಲೇ ಕಲಿತಿದ್ದು. ನಮ್ಮ ಥಿಯೇಟರ್ ಸಿಸ್ಟರ್ ನೆನಪಿದ್ದಾರಲ್ಲ, ಅಪ್ಪನ ಹರ್ನಿಯಾ ಆದಾಗ ರಾತ್ರಿ ಚಹಾ ಕಳಿಸಿದವರು. ರಕ್ತದ ಮಾಪ್‌ಗಳನ್ನು ಐದೈದರ ಸಾಲು ಮಾಡಿ ಹಾಸುತ್ತಿದ್ದರು, ಒಂದರ ಮೇಲೊಂದು ಬೀಳಲು ಬಿಡುತ್ತಿರಲಿಲ್ಲ. "ಸರ್, ಒಂದು ಕಮ್ಮಿ ಇದೆ" ಅಂದರೆ ಮುಗಿಯಿತು, ಎಂಥ ದೊಡ್ಡ ಸರ್ಜನ್ ಆದರೂ ಕೈ ನಿಲ್ಲಿಸಬೇಕು. ಇಲ್ಲಿ ಸೇರಿದ ಹೊಸದರಲ್ಲಿ ನಾನು ಎಣಿಸುವ ರೀತಿ ನೋಡಿ ಮೇಲಿನವರು ಎಲ್ಲಿ ಟ್ರೇನಿಂಗ್ ಆಯಿತು ಅಂತ ಕೇಳಿದರು. ಕಲಬುರಗಿ ಅಂತ ಎದೆ ಎತ್ತಿ ಹೇಳಿದೆ.

ಇಲ್ಲಿ ಅದರ ಮೇಲೆ ಒಂದು ಮಷಿನ್ ಜಾಸ್ತಿ ಇದೆ. ಪ್ರತಿ ಮಾಪ್‌ನ ಒಂದು ಮೂಲೆಯಲ್ಲಿ ಹೊಲಿಗೆಯೊಳಗೆ ಸಣ್ಣ ಚಿಪ್ ಇಟ್ಟಿರುತ್ತಾರೆ. ಅಂದಾಜು ಒಂದು ಸೆಂಟಿಮೀಟರ್ ಉದ್ದ. ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿ ಸಿಗುತ್ತದೆ. ಬ್ಯಾಟರಿ ಇಲ್ಲ. ನಿನ್ನ ಜೀಪಿನ ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗ್ ಇದೆಯಲ್ಲ, ಅದೇ ಜಾತಿಯದು. ಟೋಲಿನ ಮಷಿನ್ ಅಲೆ ಬಿಟ್ಟಾಗ ಅದು ಉತ್ತರ ಕೊಡುತ್ತದೆ, ಇದೂ ಹಾಗೇ. ಹೊಟ್ಟೆ ಮುಚ್ಚುವ ಮುಂಚೆ ಒಂದು ಬಳೆಯಾಕಾರದ ಕಡ್ಡಿಯನ್ನು ಪೇಷಂಟಿನ ಮೈಮೇಲೆ, ಎದೆಯಿಂದ ತೊಡೆಯವರೆಗೆ, ಆಚೆ ಈಚೆ ಆಡಿಸುತ್ತೇವೆ. ಒಳಗೆ ಮಾಪ್ ಇದ್ದರೆ ಕೂಗುತ್ತದೆ. ಅಲೆ ರಕ್ತ, ಮಾಂಸ, ಕೊಬ್ಬು ದಾಟಿ ಹೋಗುತ್ತದೆ. ಮೈಗೆ ಏನೂ ಆಗುವುದಿಲ್ಲ, ಎಕ್ಸ್‌ರೇ ತರಹದ್ದಲ್ಲ. 2006ರಲ್ಲಿ ಸ್ಟ್ಯಾನ್‌ಫರ್ಡ್ ಡಾಕ್ಟರುಗಳು 8 ಪೇಷಂಟುಗಳ ಒಪ್ಪಿಗೆ ಪಡೆದು ಇದನ್ನು ಪರೀಕ್ಷೆ ಮಾಡಿದ್ದರು. ಆಪರೇಷನ್ ನಡುವೆ ಒಬ್ಬ ಸರ್ಜನ್ ಬೇಕಂತಲೇ ಚಿಪ್ ಇರುವ ಬಟ್ಟೆ ಒಳಗಿಟ್ಟರು, ಎಲ್ಲಿಟ್ಟಿದ್ದಾರೆ ಅಂತ ಗೊತ್ತಿಲ್ಲದ ಇನ್ನೊಬ್ಬರು ಕಡ್ಡಿ ಆಡಿಸಿದರು. ಇಟ್ಟಿದ್ದ ಚಿಪ್ ಬಟ್ಟೆಗಳೆಲ್ಲವೂ ಸಿಕ್ಕವು.

ಹೋದ ತಿಂಗಳು ಒಂದು ರಾತ್ರಿ ನನ್ನ ಡ್ಯೂಟಿಯಲ್ಲೇ ಒಂದು ಮಾಪ್ ಕಮ್ಮಿ ಬಂತು. ಅಪಘಾತದ ಕೇಸು. ಗುಲ್ಮ ಒಡೆದು ಹೊಟ್ಟೆ ತುಂಬ ರಕ್ತ. ಎಲ್ಲರೂ ಓಡಾಡುತ್ತಿದ್ದರು, ಪೊಟ್ಟಣ ಹರಿದು ಹರಿದು ಕೊಡುತ್ತಿದ್ದೆವು. ಕೊನೆಗೆ ಎಣಿಸಿದರೆ ಒಂದು ಇಲ್ಲ. ಮತ್ತೆ ಎಣಿಸಿದೆವು, ಇಲ್ಲ. ಸರ್ಜನ್ ಒಳಗೆ ಕೈ ಹಾಕಿ ಹುಡುಕಿದರು. ಹಾಡು ಹಾಕಿದ್ದರು, ಇಲ್ಲಿ ಆಪರೇಷನ್ ಮಾಡುವಾಗ ಹಾಡು ಕೇಳುತ್ತಾರೆ, ಅದನ್ನು ಬಂದ್ ಮಾಡಿದರು. ನಾನು ಕಡ್ಡಿ ತೆಗೆದುಕೊಂಡು ಮೈಮೇಲೆ ಆಡಿಸಿದೆ. ಸದ್ದಿಲ್ಲ. ಬಕೆಟ್ ಹತ್ತಿರ ಹಿಡಿದೆ. ಸದ್ದಿಲ್ಲ. ಬಳಸಿದ ಹಸಿರು ಬಟ್ಟೆ ತುಂಬಿದ ಚೀಲದ ಹತ್ತಿರ ಹೋದ ಕೂಡಲೇ ಕೂಗಿತು. ಚೀಲ ಸುರಿದರೆ ಮಡಿಕೆಯೊಳಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಆಮೇಲೆ ಹೊಲಿಗೆ ಹಾಕಿದರು. ಆ ಹುಡುಗ ನಡೆದುಕೊಂಡೇ ಮನೆಗೆ ಹೋದ.

ಹಾಗಂತ ಮಷಿನ್ ಇದ್ದರೆ ಮಾತ್ರ ಆಪರೇಷನ್ ಅಂತ ಅವ್ವ ಹೊಸ ಹಟ ಹಿಡಿಯಬಾರದು. ಮಷಿನ್ ಬಂತು ಅಂತ ಇಲ್ಲಿಯೂ ಎಣಿಕೆ ಬಿಟ್ಟಿಲ್ಲ. ಈ ಚಿಪ್ ಇರುವುದು ಬಟ್ಟೆಯಲ್ಲಿ ಮಾತ್ರ. ಸೂಜಿಗೆ ಹೊಲಿಯಲು ಆಗುವುದಿಲ್ಲ ಅಲ್ವಾ? ಅದನ್ನು ಎಣಿಸಿಯೇ ಕಾಯಬೇಕು.

ಈಗ ನಾನು ಹೇಳುವುದನ್ನು ಎರಡು ಸಲ ಓದು. 2003ರಲ್ಲಿ ಬಾಸ್ಟನ್ ಡಾಕ್ಟರುಗಳು ಹೀಗೆ ಒಳಗೆ ಸಾಮಾನು ಉಳಿದ 54 ಪೇಷಂಟುಗಳ ಕೇಸ್ ತೆಗೆದು ನೋಡಿದರು. ಉಳಿದಿದ್ದರಲ್ಲಿ ಜಾಸ್ತಿ ಪಾಲು ಬಟ್ಟೆಯೇ. ಎಣಿಕೆ ನಡೆದಿದ್ದ ಕೇಸುಗಳಲ್ಲಿ ನೂರಕ್ಕೆ 88ರಲ್ಲಿ ಲೆಕ್ಕ ಸರಿಯಿದೆ ಅಂತಲೇ ಬರೆದಿತ್ತು. ಮನುಷ್ಯರ ಎಣಿಕೆ ತಪ್ಪುತ್ತದೆ, ಮಷಿನ್ ಬೇಕಾಗಿದ್ದು ಅದಕ್ಕೇ. ಯಾರಿಗೆ ಹೀಗಾಗುವುದು ಜಾಸ್ತಿ ಅಂತಲೂ ನೋಡಿದರು. ತುರ್ತು ಆಪರೇಷನ್ ಆದರೆ ಅಪಾಯ ಒಂಬತ್ತು ಪಟ್ಟು. ನಡುವೆ ಪ್ಲಾನ್ ಬದಲಾದರೆ ನಾಲ್ಕು ಪಟ್ಟು. ಮೈ ದಪ್ಪ ಇದ್ದವರಿಗೂ ಸ್ವಲ್ಪ ಹೆಚ್ಚು.

ಅವ್ವನದು ತುರ್ತು ಅಲ್ಲ. ತಾರೀಖು ಕೊಟ್ಟಿದ್ದಾರೆ, ಸ್ಕ್ಯಾನಿಂಗ್ ಆಗಿದೆ, ಗಡ್ಡೆ ಎಲ್ಲಿದೆ ಅಂತ ಗೊತ್ತಿದೆ. ಬೆಳಿಗ್ಗೆ ಹೊತ್ತು, ಎಲ್ಲರೂ ತಯಾರಾಗಿ ನಿಂತು ಮಾಡುವ ಆಪರೇಷನ್. ಅದನ್ನು ಬಿಟ್ಟು ಜಾತ್ರೆ, ಆಮೇಲೆ ಬೇಸಿಗೆ, ಆಮೇಲೆ ಬಿತ್ತನೆ ಅಂತ ಮುಂದೂಡಿದರೆ ಏನಾಗುತ್ತದೆ? ಈಗಲೇ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ ಅಂತ ಬರೆದಿದ್ದೀಯ. ಒಂದು ರಾತ್ರಿ ರಕ್ತಸ್ರಾವ ನಿಲ್ಲದೆ ಆಳಂದದಿಂದ ಗಾಡಿ ಮಾಡಿಕೊಂಡು ಓಡಬೇಕಾಗುತ್ತದೆ. ಅವತ್ತು ಆಗುವುದೇ ತುರ್ತು ಆಪರೇಷನ್. ಬಟ್ಟೆ ಉಳಿಯುತ್ತದೆ ಅಂತ ಹೆದರಿ ತಾರೀಖು ಬಿಟ್ಟರೆ, ಬಟ್ಟೆ ಉಳಿಯುವಂಥ ಆಪರೇಷನ್ನಿಗೆ ನಾವೇ ಅವಳನ್ನು ಕರೆದೊಯ್ದ ಹಾಗೆ. ಇದೊಂದನ್ನು ಅವಳಿಗೆ ತಿಳಿಯುವ ಹಾಗೆ ಹೇಳಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ.

ನೀನು ಮಾಡಬೇಕಾದ್ದು ಇಷ್ಟು. ನಾಳೆಯೇ ಹೋಗಿ ಡಾಕ್ಟರ್ ಮೇಡಂ ಅವರನ್ನು ಕಾಣು. ಜಗಳದ ದನಿ ಬೇಡ. ನನ್ನ ತಂಗಿ ಥಿಯೇಟರ್ ನರ್ಸ್, ಅವಳು ಕೇಳಲು ಹೇಳಿದ್ದಾಳೆ ಅನ್ನು. ಎಕ್ಸ್‌ರೇಯಲ್ಲಿ ಕಾಣುವ ದಾರ ಇರುವ ಮಾಪ್ ಬಳಸುತ್ತೀರಾ ಅಂತ ಕೇಳು. ಅದರಲ್ಲಿ ನೀಲಿ ಗೆರೆಯಂಥ ದಾರ ಇರುತ್ತದೆ, ಬೇರಿಯಂ ಹಾಕಿರುತ್ತಾರೆ. ಅಕಸ್ಮಾತ್ ಲೆಕ್ಕ ತಪ್ಪಿದರೆ ಟೇಬಲ್ ಮೇಲೇ ಎಕ್ಸ್‌ರೇ ತೆಗೆದು ನೋಡಬಹುದು. ದಾರ ಇಲ್ಲದ ಬಟ್ಟೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಎಣಿಕೆ ಕೇಸ್ ಪೇಪರಿನಲ್ಲಿ ಬರೆಯುತ್ತಾರಾ ಅಂತಲೂ ಕೇಳು. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಮೊದಲು ರಕ್ತ ಏರಿಸಬೇಕು ಅಂದರೆ ಏರಿಸಲಿ, ಅದಕ್ಕೆ ಅವ್ವ ಗಾಬರಿಯಾಗುವುದು ಬೇಡ. ಮನೆಗೆ ಬಂದ ಮೇಲೆ ಜ್ವರ ಬಂದರೆ, ಗಾಯ ಸೋರಿದರೆ, ನೋವು ಕಡಿಮೆಯಾಗುವ ಬದಲು ಜಾಸ್ತಿಯಾದರೆ ಗುಳಿಗೆ ನುಂಗಿಸಿ ಕೂರಬೇಡ. ಸೀದಾ ಕರೆದುಕೊಂಡು ಹೋಗು, ಸ್ಕ್ಯಾನ್ ಮಾಡಿಸು.

ಇಲ್ಲಿನ ಸುದ್ದಿ ಅವ್ವ ಕೇಳುತ್ತಾಳೆ. ಚಳಿ ಹೇಳತೀರದು. ಸುತ್ತಮುತ್ತಲ ಕೆರೆಗಳು ಹೆಪ್ಪುಗಟ್ಟಿ, ಅದರ ಮೇಲೆ ಜನ ಕಾರು ನಡೆಸುತ್ತಾರೆ. ಸಣ್ಣ ಮನೆ ತಂದಿಟ್ಟು, ನೀರ್ಗಲ್ಲಿಗೆ ತೂತು ಕೊರೆದು, ಒಳಗೆ ಕೂತು ಮೀನು ಹಿಡಿಯುತ್ತಾರೆ. ಕಲಬುರಗಿಯ ಅಪ್ಪನ ಕೆರೆಯ ಮೇಲೆ ನಿನ್ನ ಜೀಪು ನಿಂತಿದೆ ಅಂತ ಎಣಿಸಿಕೋ! ನಾನು ಎರಡು ಸ್ವೆಟರ್ ಹಾಕುತ್ತೇನೆ, ಕಿವಿ ಮುಚ್ಚುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ, ನನ್ನ ಚಿಂತೆ ಬೇಡವೇ ಬೇಡ. ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ಬಡಿಯುತ್ತೇನೆ. ಬೇಳೆಯೂ ಸಿಗುತ್ತದೆ, ಆದರೆ ನಮ್ಮ ತೊಗರಿಯ ರುಚಿ ಅದಕ್ಕೆಲ್ಲಿಂದ ಬರಬೇಕು. ಅವ್ವ ಕಳಿಸಿದ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಇದೆ.

ದುಡ್ಡು ಶುಕ್ರವಾರ ಹಾಕಿದ್ದೇನೆ, ನಿನ್ನ ಖಾತೆಗೆ ಬಂದಿರಬೇಕು. ತೊಗರಿ ದುಡ್ಡು ಮುಟ್ಟಬೇಡ, ಅದು ಸಾಲಕ್ಕಿರಲಿ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಮೂರೂ ಒಂದೇ ಚೀಲದಲ್ಲಿಡು. ನನಗೆ ರಜೆ ಸಿಕ್ಕರೆ ಬಂದೇ ಬರುತ್ತೇನೆ, ಸಿಗದಿದ್ದರೆ ವೈನಿ ಪಕ್ಕದಲ್ಲಿರಲಿ. ಅವ್ವನಿಗೆ ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ.

ಬಸ್ಸಿಗೆ ಹೊತ್ತಾಯಿತು, ಏಳಕ್ಕೆ ಡ್ಯೂಟಿ. ಅಪ್ಪನಿಗೆ ಶರಣು, ಮಕ್ಕಳಿಗೆ ಮುತ್ತು. ಡಾಕ್ಟರು ಏನಂದರು ಅಂತ ಅವತ್ತೇ ತಿಳಿಸು, ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ಕಳಿಸು, ಎರಡೂ ಪುಟದ್ದು.

ನಿನ್ನ ತಂಗಿ
ಸುವರ್ಣಾ