ಪೇಪರ್ ಒಪ್ಪಿಗೆಯಾಯ್ತು, ಇನ್ನು ಋಣದ ಮಾತು

ಕೊನೆಗೂ ನಮ್ಮ ಸಂಶೋಧನಾ ಪೇಪರ್ ಪ್ರಕಟಣೆಗೆ ಒಪ್ಪಿಗೆಯಾಯ್ತು. ಎಷ್ಟು ಎಳೆದಾಡಿತು ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಗೈಡ್ ಮೇಡಂ, ಕೋಶ ಬೆಳೆಸುವ ಕಲ್ಚರ್ ರೂಮ್ ನೋಡಿಕೊಂಡ ಹುಡುಗರು, ಲೆಕ್ಕ ಪರಿಶೀಲಿಸಿದ ಗೆಳೆಯರು, ತಡರಾತ್ರಿಯ ಊಟ ಎತ್ತಿಟ್ಟ ಮನೆಯವರು, ಎಲ್ಲರಿಗೂ ನಮಸ್ಕಾರ. ಉಳಿದ ಮಾತೆಲ್ಲ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಅಣ್ಣನಿಗೆ ಸಲ್ಲಬೇಕು.

ಡಿಎನ್‌ಎಗೆ ಪೆಟ್ಟು ಬಿದ್ದಾಗ ಪಿ53 ಎಂಬ ಪ್ರೋಟೀನು ಪಿ21 ಜೀನಿನ ಸ್ವಿಚ್ಚಿನಂತಿರುವ ಪ್ರೊಮೋಟರ್‌ಗೆ ಅಂಟಿಕೊಂಡು ಆ ಜೀನನ್ನು ಚಾಲೂ ಮಾಡುತ್ತದೆ, ಕೋಶ ವಿಭಜನೆ ನಿಲ್ಲುತ್ತದೆ. ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಪಿ53 ಕೆಟ್ಟಿಲ್ಲ, ಹಾಗಾಗಿ ಅಂಟಿದ ಜಾಗದಲ್ಲೇ ಅದನ್ನು ಹಿಡಿಯಬಹುದು. ಹೀಲಾ ಎಂಬ ಗರ್ಭಕಂಠ ಕ್ಯಾನ್ಸರ್ ಕೋಶಗಳಲ್ಲಾದರೆ ಒಳಗಿರುವ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು ಅದನ್ನು ಉಳಿಯಗೊಡುವುದಿಲ್ಲ. ಪ್ರೋಟೀನು ಡಿಎನ್‌ಎಯ ಯಾವ ಜಾಗಕ್ಕೆ ಅಂಟಿದೆ ಎಂದು ಹಿಡಿಯುವ ಚಿಪ್ ವಿಧಾನ ಓದಲು ಸಲೀಸು: ಎರಡನ್ನೂ ಕಟ್ಟಿಹಾಕಲು (ಇದೇ ಕ್ರಾಸ್‌ಲಿಂಕ್) 1% ಫಾರ್ಮಾಲ್ಡಿಹೈಡ್ 10 ನಿಮಿಷ, ಅದನ್ನು ನಿಲ್ಲಿಸಲು 125 ಮಿಲಿಮೋಲಾರ್ ಗ್ಲೈಸೀನ್ 5 ನಿಮಿಷ, ಶಬ್ದದ ಅಲೆಯಿಂದ ಒಡೆಯುವ ಸೋನಿಕೇಟರ್‌ನಲ್ಲಿ ಕ್ರೊಮ್ಯಾಟಿನ್ (ಪ್ರೋಟೀನು ಸುತ್ತಿದ ಡಿಎನ್‌ಎ) 200ರಿಂದ 500 ಬೇಸ್ ಜೋಡಿಯ ತುಣುಕಾಗಬೇಕು, ಆಮೇಲೆ ಪಿ53 ಹಿಡಿಯುವ ಆಂಟಿಬಾಡಿ.

ತುಣುಕಿನ ಗಾತ್ರ ತೋರಿಸುವ ನಮ್ಮ ಜೆಲ್‌ನಲ್ಲಿ ಮಾತ್ರ ಡಿಎನ್‌ಎ ವೆಲ್ (ಮಾದರಿ ಹಾಕುವ ಗುಳಿ) ಬಿಟ್ಟು ಕದಲಲೇ ಇಲ್ಲ. ಆ ರಾತ್ರಿ ಉಳಿದವರೆಲ್ಲ ಹೊರಟರು, ಅಣ್ಣ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು. ಮೊದಲು ಕೇಳಿದ್ದೇ, ಕ್ರಾಸ್‌ಲಿಂಕ್ ಬಿಡಿಸಿ ಓಡಿಸಿದ್ದೀರಾ ಅಂತ. ಬಿಡಿಸದಿದ್ದರೆ ಚೆನ್ನಾಗಿ ತುಂಡಾದ ಕ್ರೊಮ್ಯಾಟಿನ್ ಕೂಡ ದೊಡ್ಡದಾಗಿಯೇ ಕಾಣುತ್ತದೆ. ಬಿಡಿಸಿದ್ದೆವು. ಹಾಗಾದರೆ ದೋಷ ಸೋನಿಕೇಟರಿನದೇ. ಅದರ ತುದಿ ದ್ರವದ ಮೇಲ್ಮೈಗೆ ಹತ್ತಿರವಾಗಿ ನೊರೆ ಏಳುತ್ತಿತ್ತು. ಬಫರ್‌ನಲ್ಲಿ ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಇರುವುದರಿಂದ ಅದು ಸೋಪಿನ ಹಾಗೆ ಉಕ್ಕುತ್ತದೆ, ನೊರೆ ಎದ್ದ ಮೇಲೆ ಶಕ್ತಿ ದ್ರವಕ್ಕೆ ತಲುಪುವುದಿಲ್ಲ. ಅವರು ತುದಿಯನ್ನು ಆಳಕ್ಕಿಳಿಸಿದರು, ಗೋಡೆಗೆ ತಾಗದಂತೆ. ಪವರ್ ಕಡಿಮೆಯಿಂದ ಶುರು, 10 ಸೆಕೆಂಡ್ ಪಲ್ಸ್, 30 ಸೆಕೆಂಡ್ ಐಸ್‌ನಲ್ಲಿ ವಿರಾಮ. ಟ್ಯೂಬ್ ಬಿಸಿಯಾದರೆ ಪ್ರೋಟೀನೇ ಹಾಳು. ಕೆಲವು ಪಲ್ಸ್‌ಗೊಮ್ಮೆ 20 ಮೈಕ್ರೋಲೀಟರ್ ತೆಗೆದಿಟ್ಟು, ಆರ್‌ಎನ್‌ಏಸ್, ಪ್ರೋಟೀನೇಸ್ ಕೆ (ಆರ್‌ಎನ್‌ಎ, ಪ್ರೋಟೀನು ಕರಗಿಸುವ ಕಿಣ್ವಗಳು) ಎರಡೂ ಹಾಕಿ, ಬಂಧ ಬಿಡಿಸಿ ಜೆಲ್ ಓಡಿಸುವುದು.

ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಈ ಕೆಲಸವೇ ಬೇಡವಾಗಿತ್ತು. ಹೊರಗೆ ಕಾರಿಡಾರಿನಲ್ಲಿ ಕೂತು ಅತ್ತದ್ದೂ ಆಯ್ತು. ಅಣ್ಣ ಸಮಾಧಾನದ ಒಂದು ಮಾತೂ ಆಡಲಿಲ್ಲ. "ನೊರೆ ಬರ್ತಿದೆ ಕಣಮ್ಮ, ನಿಲ್ಸು," ಅಷ್ಟೇ. ಆ ಗಳಿಗೆಗೆ ಬೇಕಾಗಿದ್ದದ್ದೂ ಅಷ್ಟೇ ಅಂತ ಈಗ ಅನ್ನಿಸುತ್ತದೆ.

ಬೆಳಗಿನ ಜೆಲ್‌ನಲ್ಲಿ ತುಣುಕುಗಳು 500ರ ಕೆಳಗೆ ಇಳಿದಿದ್ದವು. ಆಮೇಲೆ ಡಿಎನ್‌ಎ ಎಷ್ಟಿದೆಯೆಂದು ಅಳೆಯುವ ಕ್ಯೂಪಿಸಿಆರ್‌ನಲ್ಲಿ ಪಿ21 ಜಾಗದ ಸಿಗ್ನಲ್ ಐಜಿಜಿ ಕಂಟ್ರೋಲನ್ನು (ಪಿ53 ಹಿಡಿಯದ ಆಂಟಿಬಾಡಿಯ ಹೋಲಿಕೆ) ಮೀರಿ ನಿಂತಿತು.

ಇಲ್ಲಿ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪೇಪರ್‌ನಲ್ಲಿ ಮಾತ್ರ ಅವರ ಮಾತು ಕೇಳಲಿಲ್ಲ: ಟೆಕ್ನಿಷಿಯನ್ನರನ್ನು ಕೊನೆಯ ಕೃತಜ್ಞತೆಯ ಸಾಲಿಗೆ ತಳ್ಳುವ ರೂಢಿ ಬಿಟ್ಟು, ಲೇಖಕರ ಸಾಲಿನಲ್ಲೇ ಸೇರಿಸಿದ್ದೇವೆ.