ಸೆಕ್ಟರಿನಲ್ಲಿ ಕಟ್ಟಿದ ಎಮ್ಮೆ

ಪ್ರೀತಿಯ ತಂಗಿ,

ನಿನ್ನ ಎರಡೂ ಕಥೆ ಓದಿದೆ. ಮುಳುಗಡೆಯಾದ ಊರಿನ ಕಥೆಯಲ್ಲಿ ಬೇವಿನಮರ, ಹಗೇವು, ಹೊಳೆದಂಡೆ ಎಲ್ಲ ಇವೆ, ನೀನು ಇಲ್ಲ. ನೀನು ಹುಟ್ಟಿ ಬೆಳೆದದ್ದು ನವನಗರದಲ್ಲಿ, ಬಾಗಲಕೋಟೆಯ ಮುಳುಗಡೆ ಜನಕ್ಕೆಂದು ಸೆಕ್ಟರು ಸೆಕ್ಟರಾಗಿ ಕಟ್ಟಿದ ಹೊಸ ಊರಿನಲ್ಲಿ. ಆ ಊರು ಕಂಡವರು ನಿಮ್ಮಾಯಿ. ಅವರ ನೆನಪನ್ನು ನಿನ್ನದೇ ಎಂಬಂತೆ ಬರೆಯಹೋಗಿದ್ದಕ್ಕೆ ವಾಕ್ಯಗಳು ಚೆಂದಾದವು, ನೋವು ಯಾರದೆಂದು ತಿಳಿಯದಾಯಿತು.

ಎರಡನೆಯದರಲ್ಲಿ ಎಮ್ಮೆ ಇದೆಯಲ್ಲ, ಅಲ್ಲಿ ನಾನು ನಿಂತುಬಿಟ್ಟೆ. ಸೆಕ್ಟರಿನ ಖಾಲಿ ಸೈಟಿನಲ್ಲಿ ಗೂಟ ಬಡಿದು ಕಟ್ಟಿದ ಎಮ್ಮೆ. ಸೆಗಣಿ ವಾಸನೆ ಎಂದು ಜಗಳ ತೆಗೆಯುವ ನೆರೆಮನೆ. ಮರುದಿನ ಹಾಲಿಗೆ ಅದೇ ಮನೆಯ ಚರಿಗೆ. ಇದನ್ನು ನೀನು ಕಣ್ಣಾರೆ ಕಂಡಿದ್ದೀ. ಆದರೆ ಕಥೆಗೆ ಇದು ಸಣ್ಣದೆಂದುಕೊಂಡು ಅರ್ಧ ಪುಟಕ್ಕೇ ಮುಗಿಸಿದ್ದೀ. ನನಗಂತೂ ಇದೇ ದೊಡ್ಡ ಕಥೆ.

1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿತ್ತು. ಕೃಷ್ಣೆಗೆ ಕಟ್ಟಿದ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯಗುಂಟ ಏರಿ ಬಾಗಲಕೋಟೆಯ ಓಣಿಗಳಿಗೂ ಬಂತು. ಜನ ಎತ್ತರದ ನೆಲಕ್ಕೆ ಬಂದರು. ಮನೆಗೆ ನಂಬರು ಸಿಕ್ಕಿತು, ಕೊಟ್ಟಿಗೆಗೆ ಸಿಗಲಿಲ್ಲ. ಒಕ್ಕಲುತನ ಬಿಟ್ಟ ಕೈಗಳು ಆ ಅಂಗಳದಲ್ಲಿ ಏನು ಮಾಡುತ್ತವೆ, ಹೊಲದ ಪರಿಹಾರದ ದುಡ್ಡು ಮಗಳ ಮದುವೆಗೋ ಮಗನ ಟಂಟಂ ಗಾಡಿಗೋ ಹೋದಾಗ ಮನೆಯೊಳಗೆ ಮಾತು ಹೇಗೆ ಬದಲಾಗುತ್ತದೆ, ಬರಿ. ಪರಿಹಾರದ ಜಗಳವನ್ನು ಬಿಡಲೇಬೇಡ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದಂತಾದ ಮನೆಗಳು ನಿನ್ನ ಸೆಕ್ಟರಿನಲ್ಲೇ ಇದ್ದಾವು.

ಹಿರಿಯರನ್ನು "ನಿಮ್ಮದು ಯಾವೂರ್ರೀ?" ಅಂತ ಕೇಳು. ಯಾರು ಸೆಕ್ಟರ್ ನಂಬರ್ ಹೇಳುತ್ತಾರೆ, ಯಾರು ನೀರಿನೊಳಗಿನ ಊರಿನ ಹೆಸರು ಹೇಳುತ್ತಾರೆ ಗಮನಿಸು. ಆಮೇಲೆ ಅವರ ಮೊಮ್ಮಕ್ಕಳನ್ನೂ ಕೇಳು. ಹೋಳಿಯಲ್ಲಿ ಬಂಡಿ ಮೇಲೆ ಬಣ್ಣದ ಬ್ಯಾರಲ್ ಹೇರಿಕೊಂಡು ಬರುತ್ತಾರಲ್ಲ, ಆಗ ನವನಗರದವನು ಯಾವ ಓಣಿಯವರ ಜೊತೆ ನಿಲ್ಲುತ್ತಾನೆ ನೋಡು.

ಇದೆಲ್ಲ ಮುಗಿದ ಸಂಗತಿ ಎಂದು ತಿಳಿಯಬೇಡ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು, ರಾಜ್ಯಗಳ ನಡುವೆ ನೀರು ಹಂಚುವ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಮನೆಗೆ ಸುಣ್ಣ ಹೊಡೆಸಲೋ ಬೇಡವೋ ಎಂದು ಯೋಚಿಸುತ್ತ ಕೂತ ಹಳ್ಳಿಗಳಿವೆ. ಅಲ್ಲಿಗೆ ಹೋಗು, ನಾಲ್ಕು ದಿನ ಉಳಿ.

ಆಯಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡ. ಅವರು ಕಥೆಯಲ್ಲಿ ನಿನ್ನೆದುರು ಕೂತು ಮಾತಾಡಲಿ, ನೀನು ಕೇಳುವವಳಾಗಿ ಇರು. ಎಮ್ಮೆಯ ಕಥೆಯನ್ನು ಹಿಗ್ಗಿಸಿ ಬರೆದು ಯುಗಾದಿಯೊಳಗೆ ಕಳಿಸು. ಆ ಚರಿಗೆ ತಂದ ನೆರೆಯವಳಿಗೆ ಒಂದು ಹೆಸರಿಡು, ಅವಳ ತವರು ಯಾವುದೆಂದೂ ಹೇಳು.

ನಿನ್ನ ಅಕ್ಕ